ಗಾಳಿಗೆ ಅಡ್ಡ ನಿಂತವನು

ದೆವ್ವಕ್ಕೆ ರಾತ್ರಿಯೇ ಆಗಬೇಕು ಅಂತ ಯಾರು ಹೇಳಿದ್ದು? ನಮ್ಮ ಕೊರ್ದೊಬಾದಲ್ಲಿ ಮಧ್ಯಾಹ್ನ ಊಟವಾದ ಮೇಲೆ ಬೀದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಊರಿಗೂರೇ ನಿದ್ದೆ. ಅಂಥ ಹೊತ್ತಿನಲ್ಲಿ ನನ್ನ ದೊಡ್ಡಮ್ಮನ ಮಗ ಎಲಿಸೇವೊ ಕೆಲಸದಿಂದ ಮನೆಗೆ ಹೊರಟಿದ್ದ. ಅಲ್ಗರೊಬೊ ಮರದ ಹತ್ತಿರ ಕಾಲು ನಿಂತಿತು... ಯಾಕೋ ವಾಪಸು ಗಾಳಿಸುರಂಗಕ್ಕೇ ನಡೆದ.

ವಿಮಾನದ ರೆಕ್ಕೆ, ಸೇತುವೆ, ಇಂಥವುಗಳ ಮಾದರಿ ಇಟ್ಟು ಗಾಳಿ ಹಾಯಿಸಿ ನೋಡುವ ಜಾಗ ಅದು. ಫ್ಯಾನಿನ ಗಾಳಿ ಬರೀ ಸುಳಿ. ಸಾಲಾಗಿ ಬಿಗಿದ ತೆಳು ಬಲೆಗಳು ಅದನ್ನು ಸಮಾಧಾನ ಮಾಡಬೇಕು. ಆಯಿತೋ ಇಲ್ಲವೋ ತಿಳಿಯಲು ಚೌಕಟ್ಟಿಗೆ ಉಣ್ಣೆ ಎಳೆ ಕಟ್ಟುತ್ತಾರೆ. ಗಾಳಿ ಸಮವಾಗಿದ್ದರೆ ಎಳೆಗಳು ಬಾಚಿದ ಕೂದಲ ಹಾಗೆ ಮಲಗುತ್ತವೆ. ಆ ವಾರ ಎಲ್ಲವೂ ಮಲಗಿದವು, ನಡುವಿನವು ಮಾತ್ರ ಪಟಪಟ... ಪಟಪಟ... ಬಲೆ ಬದಲಾಯಿಸಿದರು. ಮತ್ತೆ ಪಟಪಟ. ಗಾಳಿಗೆ ಒಬ್ಬ ಆಳು ಅಡ್ಡ ನಿಂತರೆ ಬೆನ್ನ ಹಿಂದೆ ಸುಳಿ ಏಳುತ್ತದಲ್ಲ, ಅಷ್ಟೇ ಅಗಲ, ಅಷ್ಟೇ ಎತ್ತರ.

ಎಲಿಸೇವೊನ ಅಪ್ಪ ಸತುರ್ನೀನೊ ಸತ್ತದ್ದು ಆ ಬಲೆಯ ಧೂಳು ತೆಗೆಯುವಾಗಲೇ. ಒಳಗೆ ಹೋಗುವವರು ಬೂಟನ್ನು ಬಾಗಿಲಲ್ಲಿ ಬಿಡಬೇಕು; ಬೂಟು ಕಂಡರೆ ಯಾರೂ ಫ್ಯಾನು ಹಾಕುವುದಿಲ್ಲ. ಸತುರ್ನೀನೊನ ಬೂಟು ಸಿಕ್ಕಿದ್ದು ಕಪಾಟಿನಲ್ಲಿ. ಫ್ಯಾನು ಹಾಕಿದವನು ಅವನ ಜೀವದ ಗೆಳೆಯ ಬೌದಿಲ್ಯೊ, ಎಲಿಸೇವೊಗೆ ಪದ್ರೀನೊ, ಅಂದರೆ ಧರ್ಮತಂದೆ. ಆಮೇಲೆ ಹುಡುಗನನ್ನು ಸಾಕಿದವನೂ, ಕೆಲಸ ಕೊಡಿಸಿದವನೂ ಅವನೇ. ಮಾತೆ ಅನ್ನುವ ನಮ್ಮ ಕಡೆಯ ಸೊಪ್ಪಿನ ಚಹಾ ಬಗ್ಗಿಸಿಕೊಡುತ್ತಾ ಹೇಳುತ್ತಿದ್ದ, "ನಿಮ್ಮಪ್ಪ ಮರೆಗುಳಿ ಕಣಪ್ಪ. ನೀನ್ ಹಂಗಾಗ್ಬೇಡ." ನಮ್ಮ ದೊಡ್ಡಮ್ಮ ಆ ಮಾತು ಕೇಳಿ ಕೇಳಿಯೇ ಸವೆದು ಹೋದಳು.

ಎಲಿಸೇವೊ ಬಾಗಿಲಲ್ಲಿ ಬೂಟು ಬಿಟ್ಟು ಒಳಗೆ ಹೋದ. ಫ್ಯಾನು ನಿಂತಿತ್ತು. ಉಸಿರು ಬಿಟ್ಟರೂ ಕೇಳುವಷ್ಟು ಮೌನ... ಆಗ, ಗಾಳಿಯೇ ಇಲ್ಲದೆ, ಎಳೆಗಳು ಎದ್ದವು. ಪಟಪಟ... ಪಟಪಟ... ಕಿವಿಯ ಪಕ್ಕದಲ್ಲೇ ಪಿಸುಮಾತು.

"ಬಾಗ್ಲಲ್ಲೇ ಬಿಟ್ಟಿದ್ದೆ ಕಣೋ ಮಗಾ..."

ಎದ್ದೆನೋ ಬಿದ್ದೆನೋ ಅಂತ ಹೊರಗೆ ಓಡಿ ಬಂದ. ಬಾಗಿಲಲ್ಲಿ ಬೂಟಿಲ್ಲ. ಕಿರ್ರ್... ಟಪ್. ಬೌದಿಲ್ಯೊ ಕಪಾಟು ಮುಚ್ಚುತ್ತಿದ್ದ.

"ನನ್ ಬೂಟು?"

"ಅಯ್ಯೋ, ನಿಂದಾ? ಸಂಜೆ ದೊಡ್ಡೋರು ನೋಡಕ್ ಬರ್ತಾರಲ್ಲ. ಗಲೀಜು ಕಾಣತ್ತೆ ಅಂತ ಎತ್ತಿಟ್ಟೆ ಕಣೋ."

ಎಲಿಸೇವೊ ಕಪಾಟು ತೆರೆದು ಬೂಟು ಹೊರಗೆಳೆದ. "ಅವತ್ತೂ ದೊಡ್ಡೋರು ಬರೋರಿದ್ರಾ, ಪದ್ರೀನೊ?"

ಮುದುಕ ಆ ಬೂಟನ್ನೇ ನೋಡಿದ. "ಅವತ್ತೂ ನಾನೇ ಎತ್ತಿಟ್ಟು ಮರ್ತೆ... ಅವನು ಹೇಗೂ ಹೋಗಿದ್ನಲ್ಲಪ್ಪ... ನಿಜ ಹೇಳಿದ್ರೆ ನನ್ ಕೆಲ್ಸ ಹೋಗ್ತಿತ್ತು. ನಿನ್ನ ಯಾರ್ ಸಾಕ್ತಿದ್ರು?"

"ತಪ್ಪನ್ನ ಸತ್ತೋನ ತಲೆಗೆ ಕಟ್ಟಿ ನನ್ನ ಸಾಕಿದ್ರಾ? ನಮ್ಮಮ್ಮ ಸಾಯೋವರ್ಗೂ ಅಪ್ಪನ್ನ ಬೈಕೊಂಡ್ಲು... ನೀವು ಎದುರಿಗೆ ಕೂತು ಕೇಳಿಸ್ಕೊಂಡ್ರಿ!"

ಉಂಡ ಮನೆಗೆ ಎರಡು ಬಗೆಯುವವರನ್ನು ನೀವು ನೋಡಿರುತ್ತೀರಿ. ಇವನು ಉಣ್ಣಿಸಿ ಎರಡು ಬಗೆದ.

ಮರುದಿನ ಅದೇ ಬಲೆ, ಅದೇ ಫ್ಯಾನು. ಒಂದು ಎಳೆಯೂ ಅಲುಗಲಿಲ್ಲ. ಒಳಗೆ ಈಗ ಯಾರೂ ಇರಲಿಲ್ಲ.

ಇಷ್ಟು ಎಲಿಸೇವೊ ಹೇಳಿದ್ದು. ಇನ್ನು ಹೇಳುವುದು ನಾನೇ ಕಂಡದ್ದು, ನನ್ನ ಮಕ್ಕಳಾಣೆಗೂ ನಿಜ. ಆಗಸ್ಟಿನಲ್ಲಿ ಬಡಗಣ ಗಾಳಿ ಬೀಸುತ್ತಿತ್ತು. ಬೌದಿಲ್ಯೊ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ. ಹಾಸುಬಟ್ಟೆ, ಚಡ್ಡಿ, ಟವೆಲು, ಎಲ್ಲ ಬಡಬಡ ಹಾರುತ್ತಿದ್ದವು. ಅವನ ಅಂಗಿಯೊಂದು ಮಾತ್ರ, ಗಾಳಿಗೆ ಯಾರೋ ಅಡ್ಡ ನಿಂತ ಹಾಗೆ, ನೆಟ್ಟಗೆ ಜೋತುಬಿದ್ದಿತ್ತು. ಅವನು ನನ್ನ ಮುಖ ನೋಡಿದ. ಅಂಗಿ ತೆಗೆದು ತಂತಿಯ ಆ ತುದಿಗೆ ಹಾಕಿದ.

ಅಲ್ಲೂ ಅದು ಅಲ್ಲಾಡಲಿಲ್ಲ.