ಮನೆ ಖಾಲಿ ಮಾಡಿದವನಿಗೊಂದು ಶಾಲು

ಈ ಸಭೆಯ ಅಧ್ಯಕ್ಷರೂ ನನ್ನ ಮನೆಯ ಮಾಲೀಕರೂ ಆದ ಶ್ರೀ ಪರಮೇಶಪ್ಪನವರೇ, ನೀಲನಕ್ಷೆ ಬರೆದ ಎಂಜಿನಿಯರ್ ಸುಭಾಷ ಅವರೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ಉಪ್ಪಿಟ್ಟಿನ ವಾಸನೆಗೆ ಕಟ್ಟುಬಿದ್ದು ಕುಳಿತಿರುವ ಸಭಿಕರೇ,

ಮೈಕು ಸರಿಯಾಗಿ ಕೇಳಿಸುತ್ತಿದೆಯಲ್ಲವೇ? ಕೇಳಿಸಲೇಬೇಕು. ಇದು ನನ್ನದೇ ಮೈಕು. ಬ್ಯಾಡಗಿಯಲ್ಲಿ ಯಾರಿಗೆ ಸನ್ಮಾನವಾದರೂ ವೇದಿಕೆಯ ಪಕ್ಕದಲ್ಲಿ ಆಂಪ್ಲಿಫೈಯರ್ ಹಿಂದೆ ಕುಳಿತವನು ನಾನು, ಮೈಕ್ ಫಕ್ಕೀರಪ್ಪ. ‘ಹಲೋ, ಹಲೋ’ ಎಂಬ ಎರಡು ಮಾತುಗಳನ್ನು ಬಿಟ್ಟು ಮೂರನೆಯದನ್ನು ಇದರಲ್ಲಿ ಆಡಿದವನಲ್ಲ. ಕೇಳಿದ ದೊಡ್ಡ ದೊಡ್ಡ ಪದಗಳೆಲ್ಲ ಕಿವಿಯಲ್ಲೇ ಉಳಿದುಬಿಟ್ಟಿವೆ. ಇವತ್ತು ಅವನ್ನು ಖರ್ಚು ಮಾಡಲು ಅಪ್ಪಣೆಯಾಗಬೇಕು.

ಮಹನೀಯರೇ, ಸಾಲು ಬಾಡಿಗೆ ಮನೆಗಳ ಈ ಚಾಳ ಬೀಳಲಿದೆ. ಇಲ್ಲಿ ಕೆಳಗೆ ಅಂಗಡಿ, ಮೇಲೆ ಮನೆಗಳಿರುವ ಸಂಕೀರ್ಣ ಏಳಲಿದೆ. ಓಣಿಗೆ ಪುನರುಜ್ಜೀವನ ಬರಲಿದೆ ಎಂದು ಸುಭಾಷ ಅವರು ಈಗಷ್ಟೇ ಹೇಳಿದರು. ಎಷ್ಟು ತೂಕದ ಮಾತು! ನಾವು ಇಷ್ಟು ವರ್ಷ ಇಲ್ಲಿ ಸತ್ತು ಮಲಗಿದ್ದೆವು ಎಂಬುದು ನನಗೂ ಇವತ್ತೇ ಗೊತ್ತಾದದ್ದು.

ಉಳಿದ ಬಾಡಿಗೆದಾರರಿಗೆಲ್ಲ ವಕೀಲರ ನೋಟೀಸು ಬಂತು. ಪಕ್ಕದ ಮನೆಯ ಅಕ್ಬರಬಿ ಅದನ್ನು ಹಿಡಿದುಕೊಂಡು ಬಂದು, “ಫಕ್ಕೀರಪ್ಪಣ್ಣಾ, ನನಗ ಓದಾಕ ಬರಂಗಿಲ್ಲ. ಆದ್ರ ಹೊರಗ ನಡಿ ಅನ್ನೂದು ಕೇಳಸ್ತೈತಿ ನೋಡು” ಅಂದಳು. ಮರುವಾರ ಗುತ್ತಲದ ಮಗಳ ಮನೆ ಸೇರಿದಳು. ಹೀಗೆ ಒಬ್ಬೊಬ್ಬರೇ ಹೋದರು. ನಾನು ಮಾತ್ರ ಹೋಗಲಿಲ್ಲ. ನೋಟೀಸಿಗೆ ಜಗ್ಗಲಿಲ್ಲ, ನಲ್ಲಿ ಬಂದ್ ಮಾಡಿದರೂ ಜಗ್ಗಲಿಲ್ಲ. ಆಗ ನಮ್ಮ ಅಧ್ಯಕ್ಷರು ಖುದ್ದಾಗಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು.

“ಫಕ್ಕೀರಪ್ಪಾ, ನೀ ಈ ಓಣಿಗೆ ಹಿರೇ ಮನಷ್ಯಾ. ನಿನ್ನ ಹಿಂಗ ಕಳಸೂದು ಚಂದ ಕಾಣಂಗಿಲ್ಲ. ಪೆಂಡಾಲ ಹಾಕಿ, ನಾಕ ಮಂದಿ ಕರದು, ಶಾಲು ಹೊದಿಸಿ ಸನ್ಮಾನ ಮಾಡೂಣು.”

ಸಭಿಕರೇ, ನೀವೇ ಹೇಳಿ. ಜೀವಮಾನವಿಡೀ ಊರಿನ ಶಾಲುಗಳನ್ನು ಹಿಂಬದಿಯಿಂದಲೇ ನೋಡಿದವನು ಏನು ಹೇಳಿಯಾನು? “ಹೂಂ” ಅಂದೆ. ಅಂದ ಮೇಲೆ ಒಳಗೆ ಹೋಗಿ ಮನೆಯವಳಿಗೆ ಹೇಳಿದೆ. ಉಡಚವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆಯೇ ಕೇಳಿದಳು: “ಶಾಲು ಹೊದಸ್ತೇನಿ ಅಂದ್ರಂತ ಮನಿ ಬಿಟ್ಟು ಕೊಟ್ರೇನು? ಆ ಶಾಲಿನ್ಯಾಗ ಒಲಿ ಹೂಡ್ಲೇನು?”

ಹೆಣ್ಣುಮಕ್ಕಳಿಗೆ ಸಾರ್ವಜನಿಕ ಜೀವನ ಅಷ್ಟಾಗಿ ಅರ್ಥವಾಗುವುದಿಲ್ಲ. ಅದಿರಲಿ.

ಅಂದಿನಿಂದ ಮನೆ ಹುಡುಕಿದೆ. ಹಾವೇರಿಗೆ ಹೋದೆ. ಅದು ಜಿಲ್ಲೆಯಾದ ಮೇಲೆ ಅಲ್ಲಿನ ಪಡಸಾಲೆಗಳೂ ಕಚೇರಿಗಳಾಗಿವೆ. ರಾಣೆಬೆನ್ನೂರಿನಲ್ಲಿ ಕೇಳಿದೆ. ಪಗಾರದ ನೌಕರಿ ಇದ್ದರೆ ಮಾತ್ರ ಬರ್ರಿ ಎಂದರು. ಕೊನೆಗೆ ನಮ್ಮ ಊರಿನದೇ ಹೊಸ ಬಡಾವಣೆಯಲ್ಲಿ ಒಂದು ಮನೆ ಕುದುರುವ ಹಾಗೆ ಕಂಡಿತು. ಮಾಲೀಕರು ಚಾವಿ ಕೈಯಲ್ಲೇ ಹಿಡಿದಿದ್ದರು.

“ಮನ್ಯಾಗ ಎಷ್ಟ ಮಂದಿ?”

“ಇಬ್ಬರೇರಿ.”

“ಛಲೋ ಆತು. ಮನಿಯವರು ಏನ ಮಾಡತಾರ?”

“ಮೆಣಸಿನಕಾಯಿ ತೊಟ್ಟು ಬಿಡಸ್ತಾಳ್ರಿ.”

“ಎಲ್ಲಿ?”

“ಮನ್ಯಾಗರಿ. ಮೊಣಕಾಲು ನೋವು, ಮಾರ್ಕೆಟ್‌ತನಕ ನಡಿಯಾಕ ಆಗಂಗಿಲ್ಲ.”

ಚಾವಿ ಕಿಸೆಗೆ ಹೋಯಿತು. “ಹೊಸಾ ಬಣ್ಣ ಹೊಡಿಸೇನ್ರಿ. ಘಾಟು ಗ್ವಾಡಿಗೆ ಹಿಡದ್ರ ಹೋಗಂಗಿಲ್ಲ.”

ಅವರು ಯಾರೆಂದು ಬಲ್ಲಿರಾ? ಮೆಣಸಿನಕಾಯಿ ದಲಾಲರು. ಅವರ ಅಂಗಡಿಯ ಚೀಲಗಳೇ ನಮ್ಮ ಕಟ್ಟೆಗೆ ಬಂದು ತೊಟ್ಟು ಕಳೆದುಕೊಂಡು ಹೋಗುತ್ತಿದ್ದವು. ಆ ಬಣ್ಣದಲ್ಲಿ ಉಡಚವ್ವನ ಉಗುರಿನ ಉರಿಯೂ ಒಂದಿಷ್ಟು ಸೇರಿದೆ. ಆದರೆ ಉಡಚವ್ವ ಸೇರುವಂತಿಲ್ಲ. ಆಮೇಲೆ ಹೋದ ಮನೆಗಳಲ್ಲೂ ಇದೇ ಪ್ರಶ್ನೆ, ಇದೇ ಚಾವಿ, ಇದೇ ಕಿಸೆ. ಇಡೀ ಊರು ಬದುಕುವುದು ಮೆಣಸಿನಕಾಯಿಯಿಂದ. ಆದರೆ ಅದು ಮನೆಯೊಳಗೆ ಬರಬಾರದು ಎಂಬಷ್ಟು ನಾವೆಲ್ಲ ಸುಧಾರಿಸಿದ್ದೇವೆ. ಇದಕ್ಕೊಂದು ಚಪ್ಪಾಳೆ ಬರಲಿ.

ಹೊಸ ಸಂಕೀರ್ಣದಲ್ಲಿ ಹಳೇ ಬಾಡಿಗೆದಾರರಿಗೆ ಮೊದಲ ಆದ್ಯತೆ ಎಂದು ಅಧ್ಯಕ್ಷರು ಘೋಷಿಸಿದ್ದಾರೆ. ಅವರದು ದೊಡ್ಡ ಮನಸ್ಸು. ಡಿಪಾಜಿಟ್ಟು ಅದಕ್ಕಿಂತ ದೊಡ್ಡದು. ನಕ್ಷೆಯಲ್ಲಿ ಕಟ್ಟೆ ಎಲ್ಲಿದೆ ಎಂದು ಸುಭಾಷ ಅವರನ್ನು ಕೇಳಿದೆ. “ಕಟ್ಟಿ ಯಾಕರಿ, ಪಾರ್ಕಿಂಗ್ ಐತಲ್ಲ” ಅಂದರು. ನಿಲ್ಲಿಸಲು ನಮ್ಮಲ್ಲಿ ಇರುವುದು ಒಂದು ಸೈಕಲ್ಲು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಇವತ್ತೊಂದು ದಿನ ಮೈಕು ನನ್ನ ಕೈಯಲ್ಲಿದೆ.

ಸದ್ಯಕ್ಕೆ ಸಾಮಾನು ಮೋಟೆಬೆನ್ನೂರಿಗೆ, ಉಡಚವ್ವನ ತಮ್ಮನ ಹಿತ್ತಲಿನ ತಗಡಿನ ಕೋಣೆಗೆ ಹೋಗಲಿದೆ. ಅಷ್ಟು ದೂರಕ್ಕೆ ಯಾವ ದಲಾಲನೂ ಚೀಲ ಕಳಿಸುವುದಿಲ್ಲ. ಊರು ಬಿಟ್ಟವನನ್ನು ಮೈಕಿಗೆ ಯಾರು ಕರೆಯುತ್ತಾರೆ? ಇದನ್ನು ದುಃಖದಿಂದ ಹೇಳುತ್ತಿಲ್ಲ. ಶಾಲು ಹೊದ್ದವನು ದುಃಖದಿಂದ ಮಾತಾಡಬಾರದು ಎಂಬುದು ನಾನು ಕೇಳಿದ ಎಲ್ಲ ಭಾಷಣಗಳ ಸಾರ. ಮಾರ್ಚ್ ತಿಂಗಳ ಬಿಸಿಲಿಗೆ ಮುಖ ಬೆವರುತ್ತಿದೆ, ಅಷ್ಟೇ.

ಮುಗಿಸುವ ಮೊದಲು ಒಂದೇ ವಿನಂತಿ. ಇಲ್ಲಿ ಕುಳಿತವರಲ್ಲಿ ಮನೆ ಉಳ್ಳವರು ಬಹಳ ಮಂದಿ ಇದ್ದೀರಿ. ನಮ್ಮಿಬ್ಬರಿಗೆ, ಒಂದು ಮೆಣಸಿನಕಾಯಿ ಚೀಲಕ್ಕೆ ಊರಲ್ಲಿ ಜಾಗ ಕೊಡಬಲ್ಲವರು ದಯಮಾಡಿ ಕೈ ಎತ್ತಬೇಕು.

ಅವಸರವಿಲ್ಲ. ಯೋಚಿಸಿ.

ಮುಂದಿನ ಸಾಲು... ಇಲ್ಲ. ನಡುವಿನ ಸಾಲು... ಯಾರೋ ಕೆಮ್ಮಿದರು, ಅಷ್ಟೇ.

ಓ! ಹಿಂದೆ, ಪೆಂಡಾಲಿನ ಕಂಬದ ಹತ್ತಿರ ಒಂದು ಕೈ ಮೇಲೆದ್ದಿದೆ! ಯಾರು ಆ ಪುಣ್ಯಾತ್ಮರು? ಸ್ವಲ್ಪ ಸರಿಯಿರಿ, ಕಾಣುತ್ತಿಲ್ಲ.

ಅದು ಉಡಚವ್ವ.

ಟೆಂಪೋ ಬಂತು ಅನ್ನುತ್ತಿದ್ದಾಳೆ. ಸಾಮಾನೆಲ್ಲ ಏರಿಸಿ ಆಗಿದೆಯಂತೆ. ಮೈಕ್ ಸೆಟ್ಟೊಂದೇ ಬಾಕಿಯಂತೆ.

ಶಾಲು ಹೊದಿಸಿದ ಅಧ್ಯಕ್ಷರಿಗೂ, ಕೈ ಎತ್ತದೆ ಶಾಂತಿಯಿಂದ ಸಹಕರಿಸಿದ ಎಲ್ಲರಿಗೂ ವಂದನೆಗಳು. ನನ್ನ ನಂತರ ಮಾತಾಡುವವರು ಬರಿಗಂಟಲಿನಲ್ಲೇ ಮಾತಾಡಬೇಕಾಗುತ್ತದೆ, ಕ್ಷಮಿಸಬೇಕು. ವೈರು ಬಿಚ್ಚುತ್ತಿದ್ದೇನೆ.

ನಮಸ್ಕಾರ.