ಕ್ಲೀನರ್ ಸೀಟು

ನಾನು ಸುಳ್ಳ ಅಂತ ನಮ್ಮ ರೋಡಿಗೆಲ್ಲ ಗೊತ್ತು. ಪಕ್ಕದ್ಮನೆ ಬಸಕ್ಕನ ಬಾಗಿಲ ಚಿಲಕಕ್ಕೆ ದಾರ ಕಟ್ಟಿ ರಾತ್ರಿಯೆಲ್ಲ ಆಡಿಸಿದೋನೂ ನಾನೇ, ಒಪ್ಕೋತೀನಿ. ಆದ್ರೆ ಇದು ಆ ಥರದ್ದಲ್ಲ ಗುರು. ಇದು ನಮ್ಮ ದೊಡ್ಡಪ್ಪನ ಮಗ ಹನುಮೇಶಣ್ಣನಿಗೆ ಆಗಿದ್ದು. ಇಲ್ಲೇ ಜಿಗಣೀಲಿ. ಈ ಬೇಸಿಗೇಲೇ.

ಅಣ್ಣಂದು ಕ್ಯಾಂಟರ್ ಗಾಡಿ, ಸಾಮಾನು ಸಾಗಿಸೋ ಸಣ್ಣ ಲಾರಿ. ಮೇಘಾ ಮೇಡಂ ಅಂತ ಒಬ್ರು, ಬೀದೀಲಿ ಗಾಯ ಆಗಿ ಬಿದ್ದಿದ್ದ ನಾಯಿಗಳನ್ನ ತಂದು ಸಾಕ್ತಿದ್ರು. ಹದಿನಾರು ನಾಯಿ. ಅಷ್ಟನ್ನೂ ಕರ್ಕೊಂಡು ಡೆಹ್ರಾಡೂನ್‌ಗೆ ಮನೆ ಬದಲಾಯಿಸ್ತಿದ್ರು. ಇಬ್ರು ಡ್ರೈವರ್‌ಗಳು ಆಗ್ಲೇ ಕೈಕೊಟ್ಟಿದ್ರು, ಕೊನೆಗೆ ಅಣ್ಣ ಒಪ್ಕೊಂಡ. ಬೆಳಗಾಗೋದ್ರೊಳಗೆ ಮನೆ ಖಾಲಿ ಮಾಡ್ಲಿಲ್ಲ ಅಂದ್ರೆ ನಾಯಿಗಳನ್ನೆಲ್ಲ ಬೀದಿಗೆ ಅಟ್ತೀನಿ ಅಂತ ಓನರ್ ಹೇಳಿಬಿಟ್ಟಿದ್ದ.

ರಾತ್ರಿ ಒಂದೂವರೆ. ಗಾಡಿ ತರೋಕೆ ಅಣ್ಣ ಹಳೇ ಬಾವಿ ಪಕ್ಕ ನಡ್ಕೊಂಡು ಹೋಗ್ತಿದ್ದ. ಹಿಂದೆ ಸದ್ದು. ಟಿಕ್... ಟಿಕ್... ಟಿಕ್... ಸರ್ರ್. ಟಾರ್ ಮೇಲೆ ಮೂರು ಕಾಲಿನ ಉಗುರು, ನಾಲ್ಕನೇದು ಎಳ್ಕೊಂಡು ಬರೋ ಸದ್ದು. ತಿರುಗಿದ. ಏನೂ ಇಲ್ಲ... ಇವನು ನಿಂತ್ರೆ ಅದೂ ನಿಲ್ತಿತ್ತು.

ಗಾಡಿ ತಂದು ಹಿಂದಿನ ಬಾಗಿಲು ತೆಗೆದ. ಒಂದು ನಾಯೀನೂ ಹತ್ತಲ್ಲ. ಬೊಗಳೋದೂ ಇಲ್ಲ. ಹದಿನಾರೂ ಸಾಲಾಗಿ ಕೂತು ಎಡಗಡೆ ಹಿಂದಿನ ಚಕ್ರಾನೇ ನೋಡ್ತಿದ್ವು. ಮೇಡಂ ಕ್ರೀಂ ಬಿಸ್ಕತ್ತು ತೋರಿಸಿದ್ರು. ನಾನಾಗಿದ್ರೆ ಹತ್ತಿಬಿಡ್ತಿದ್ದೆ, ಅವು ಹತ್ತಲಿಲ್ಲ. ಎತ್ತಿ ಒಳಗೆ ಹಾಕಿದ್ರೆ ಧುಮುಕಿ ಮತ್ತೆ ಅದೇ ಜಾಗಕ್ಕೆ ಬಂದು ಕೂರ್ತಿದ್ವು.

ನಾಲ್ಕು ಗಂಟೆ ಆಯ್ತು. ಮೇಡಂ ಅಣ್ಣನ ಹತ್ರ ಬಂದು ಪಿಸುಗುಟ್ಟಿದ್ರು.

"ಹನುಮೇಶ್, ಈ ಗಾಡೀಲಿ ಏನಾಗಿದೆ?"

"ಏನಿಲ್ರೀ ಮೇಡಂ."

"ಇವು ಸುಮ್ಸುಮ್ನೆ ಹಿಂಗೆ ಆಡಲ್ಲ. ಬೆಳಕಾಗ್ತಿದೆ. ಹೇಳಿ."

ಅಣ್ಣ ಎಡಗಡೆ ಚಕ್ರದ ಕಡೆ ಒಂದ್ಸಲ ನೋಡಿದ.

"ಹೋದ ತಿಂಗಳು... ಬಾವಿ ಹತ್ರ ರಿವರ್ಸ್ ತಗೋವಾಗ ಒಂದು ಹೆಣ್ಣುನಾಯಿ ಚಕ್ರಕ್ಕ ಸಿಕ್ತ್ರೀ. ಇನ್ನಾ ಜೀವ ಇತ್ತು. ನಾ... ಪೊದಿಯೊಳಗ ತಳ್ಳಿ ಹೋಗ್ಬಿಟ್ಟೆ."

ಮೇಡಂ ಬೈಲಿಲ್ಲ. "ಹಾಗಾದ್ರೆ ಅದನ್ನೂ ಕರೀರಿ" ಅಂದ್ರು, ಅಷ್ಟೇ.

ಅಣ್ಣ ಮುಂದೆ ಹೋಗಿ ಡ್ರೈವರ್ ಪಕ್ಕದ ಕ್ಲೀನರ್ ಸೀಟಿನ ಬಾಗಿಲು ತೆಗೆದ. ಖಾಲಿ ರೋಡಿಗೆ ಕೈ ಮುಗಿದ.

"ಬಾರವ್ವಾ..."

ಟಿಕ್... ಟಿಕ್... ಟಿಕ್... ಸರ್ರ್. ರೆಕ್ಸಿನ್ ಸೀಟು 'ಪುಸ್' ಅಂತ ತಗ್ಗಿತು.

ಹದಿನಾರೂ ಎದ್ವು. ಒಂದರ ಹಿಂದೆ ಒಂದು, ತಾವಾಗೇ ಹತ್ತಿದ್ವು. ಮುಂದೆ ಕೂರಬೇಕಿದ್ದ ಮೇಡಂ ಸದ್ದಿಲ್ದೆ ಹಿಂದೆ ಹೋಗಿ ನಾಯಿಗಳ ಮಧ್ಯೆ ಕೂತ್ರು.

ಅಣ್ಣ ವಾಪಸ್ ಬಂದು ಹತ್ತು ದಿನ ಆಯ್ತು. ನಿನ್ನೆ ಗಾಡಿ ತೊಳೆದಿದ್ದು ನಾನೇ. ನಗಬೇಡ್ರೋ. ಕ್ಲೀನರ್ ಸೀಟಿನ ಪಕ್ಕದ ಗ್ಲಾಸಿನ ಮೇಲೆ, ಒಳಗಡೆಯಿಂದ, ನಾಯಿ ಮೂಗು ಒತ್ತಿದ ಗುರುತು. ಸೋಪು ಹಾಕಿ ಮೂರು ಸಲ ಒರೆಸಿ ಬಾಗಿಲು ಲಾಕ್ ಮಾಡಿದ್ದೆ. ನಮ್ಮವ್ವನಾಣೆ ನಿಜ... ಬೆಳಿಗ್ಗೆ ನೋಡಿದ್ರೆ ಅಲ್ಲೇ ಇತ್ತು. ಒದ್ದೆ ಒದ್ದೆ.