ಗ್ರಹಣದಲ್ಲಿ ಹೆಚ್ಚಿದ ಕುಂಬಳಕಾಯಿ

ಇಲ್ಲ ಡಾಕ್ಟ್ರೇ, ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಆಗಲೇ ಹೇಳಿದ್ನಲ್ಲ... ಮತ್ತೆ ಮತ್ತೆ ಅದನ್ನೇ ಕೇಳ್ತೀರಿ. ನನ್ನ ಮಗ ಅಭಯನಿಗೆ ಮಾತ್ರ ಹೀಗೆ. ಮೂತ್ರ ಬರೋ ತೂತು ತುದೀಲಿಲ್ಲ, ಕೆಳಗಡೆ ಇದೆ. ಹುಟ್ಟಿದಾಗಿಂದ ಅಷ್ಟೆ. ಈಗ ನೀವೇ ಕಣ್ಣಾರೆ ನೋಡಿದ್ರಿ, ನಾನಿನ್ನೇನು ಹೇಳ್ಲಿ?

ಕಾರಣ ಬೇಕಾ? ಗ್ರಹಣ ಸ್ವಾಮಿ. ಬಸುರೀಲಿ ನನ್ನ ಹೆಂಡತಿ, ಗ್ರಹಣ ಬಿಟ್ಟಿದೆ ಅಂದ್ಕೊಂಡು ಕುಂಬಳಕಾಯಿ ಹೆಚ್ಚಿಬಿಟ್ಟಳು. ಇನ್ನೂ ಬಿಟ್ಟಿರಲಿಲ್ಲ... ಯಾಕೆ ನಗ್ತೀರಿ? ಚನ್ನರಾಯಪಟ್ಟಣದಲ್ಲಿ ಯಾರನ್ನ ಬೇಕಾದ್ರೂ ಕೇಳಿ. ನಮ್ಮಮ್ಮ ಅನಂತಮ್ಮ ಅವತ್ತಿಂದ ಸೊಸೆ ಕೈಗೆ ಈಳಿಗೆಮಣೆ ಕೊಟ್ಟಿಲ್ಲ. ರಾಜೀಮತಿ ಪಾಪ, ಒಂದು ಮಾತು ಎದುರಾಡಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ ನೋಡಿ, ಮಗನ್ನ ತೊಡೆ ಮೇಲೆ ಹಾಕ್ಕೊಂಡು. ಬೇಡಿ, ಅವಳನ್ನ ಕರೀಬೇಡಿ. ಏನಿದ್ರೂ ನನ್ನ ಹತ್ರ ಮಾತಾಡಿ.

ಕಾಯಬೇಕಾ? ಎಲ್ಲಿವರೆಗೆ? ನೀವು ದಂಡಿನ ಡಾಕ್ಟ್ರಾಗಿ ಯುದ್ಧಕ್ಕೆ ಹೊರಟಿದ್ದೀರಂತೆ, ಕಾಂಪೌಂಡರ್ ನಂಜಯ್ಯನವರು ಹೇಳಿದ್ರು. ಹೊಳೆನರಸೀಪುರ, ಅರಕಲಗೂಡು, ಎಲ್ಲಾ ಕಡೆ ಅಲೆದು ಬಂದೆ ಸ್ವಾಮಿ, ಈ ಆಪರೇಷನ್ ಬಲ್ಲವರು ಹಾಸನದಲ್ಲಿ ನೀವೊಬ್ಬರೇ ಅಂದ್ರು. ಎರಡು ಸಲ ಕುಯ್ಯಬೇಕು ಅಂತೀರಿ. ಮೊದಲು ಬಾಗಿರೋದನ್ನ ನೆಟ್ಟಗೆ ಮಾಡೋದು, ಗಾಯ ಮಾದ ಮೇಲೆ ಅಲ್ಲಿನ ಚರ್ಮದಲ್ಲೇ ದಾರಿ ಕಟ್ಟೋದು. ಹೊಲಿಗೆ ಬಿಟ್ಟುಹೋದ್ರೂ ಹೋಗಬಹುದು ಅಂತೀರಿ. ಹೋಗಲಿ! ಒಂದು ಸಲವಾದ್ರೂ ಮಾಡಿ ಹೋಗಿ. ನಿಮ್ಮ ಕಾಲಿಗೆ ಬೀಳ್ತೀನಿ...

ಜೀವಕ್ಕೇನೂ ಅಪಾಯ ಇಲ್ವಾ? ನೀವು ಹಾಗಂತೀರಿ. ಇಸ್ಕೂಲಲ್ಲಿ ಗಂಟೆ ಹೊಡೆದ ತಕ್ಷಣ ಹುಡುಗರೆಲ್ಲ ಗೋಡೆ ಕಡೆ ತಿರುಗಿ ನಿಂತ್ಕೋತಾರೆ. ಇವನು ಬೇಲಿ ಹಿಂದೆ ಹೋಗಿ ಕೂತ್ಕೋಬೇಕು. ಒಂದಿನ ಹಿಂದೇನೇ ಬಂದು ನೋಡಿಬಿಟ್ರು. ಅವತ್ತಿಂದ ಅವನ ಹೆಸರು ಹಿಡಿದು ಯಾರೂ ಕರೀಲಿಲ್ಲ. ಬೆಳಗ್ಗೆ ನೀರು ಕುಡಿಯೋದೇ ಬಿಟ್ಟ. ಕೆರೆಗೆ ಈಜಕ್ಕೆ ಹೋಗಲ್ಲ, ನೆಂಟರ ಮನೇಲಿ ಉಳಿಯಲ್ಲ. ಬೆಳ್ಗೊಳದ ಬೆಟ್ಟ ಹತ್ತಿದ್ರೆ ಜನ ಎಲ್ಲ ತಲೆ ಎತ್ತಿ ಸ್ವಾಮೀನ ನೋಡ್ತಾರೆ. ಬತ್ತಲೆ ನಿಂತಿರೋ ಸ್ವಾಮಿ... ಇವನು ಪಾದ ಮುಟ್ಟಿ, ತಲೆ ಬಗ್ಗಿಸ್ಕೊಂಡೇ ಇಳಿದು ಬರ್ತಾನೆ. ಆ ನಾಚಿಕೆ ನಿಮಗೆ ಗೊತ್ತಿಲ್ಲ ಡಾಕ್ಟ್ರೇ. ಮದುವೆ ಮಾತೆತ್ತಿದಾಗ ಊರು ಬಿಟ್ಟು ಓಡಿಹೋಗೋಣ ಅನ್ಸುತ್ತೆ...

ಅನ್ಸುತ್ತೆ ಅಂದ್ರೆ... ಮುಂದೆ ಅನ್ಸಬಹುದು ಅಂತ.

ವಯಸ್ಸಾ? ಈಗ ನಾಲ್ಕು ತುಂಬಿದೆ.

ಇಲ್ಲ... ಇಸ್ಕೂಲಿಗೆ ಇನ್ನೂ ಹಾಕಿಲ್ಲ.

ಕನ್ನಡಕ ಯಾಕೆ ತೆಗೆದಿಟ್ರಿ? ಆಗಲಿಂದ ಅದೇ ಪ್ರಶ್ನೆ ಕೇಳ್ತಿದ್ರಲ್ಲ, ಈಗ ಕೇಳಿ ಮತ್ತೆ. ಏನಾದ್ರೂ ಕೇಳಿ ಸ್ವಾಮಿ... ಹಂಗೆ ನೋಡಬೇಡಿ ನನ್ನ.

ನನ್ನದು ಬಿಡಿ. ನನ್ನ ಕಾಲ ಹೆಂಗೋ ಕಳೀತು. ಅವನದು ಮಾಡಿ.

ಅವಳಿಗಾ? ಗೊತ್ತಿಲ್ಲ. ಬೇರೆ ಗಂಡಸರು ಹೆಂಗಿರ್ತಾರೆ ಅಂತ ಅವಳಿಗೇನು ಗೊತ್ತು? ನಾನು ಯಾವತ್ತೂ ದೀಪ ಆರಿಸಿಬಿಡ್ತಿದ್ದೆ. ಅಮ್ಮನಿಗೆ ಗೊತ್ತು. ಎತ್ತಿ ಆಡಿಸಿದವಳಿಗೆ ಗೊತ್ತಿರಲ್ವಾ? ಗೊತ್ತಿದ್ದೂ ಕುಂಬಳಕಾಯಿ ಅಂದಳು. ನಾನು ಹೂಂ ಅಂದೆ... ರಾಜೀ ಅತ್ತಳು. ಆಗಲೂ ಹೂಂ ಅಂದ್ಕೊಂಡೇ ಇದ್ದೆ.

ತಲೆ ಆಡಿಸಿದ್ರಿ ಅಲ್ವಾ? ಮಾಡ್ತೀರಿ ತಾನೆ? ಹೊರಡೋದರೊಳಗೆ ಮಾಡ್ತೀರಿ?

ಮತ್ತೆ ಬಾಗಿಲ ಕಡೆ ಯಾಕೆ ನೋಡ್ತೀರಿ... ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನೀವೇ ಅವಳಿಗೊಂದು ಮಾತು ಹೇಳಿಬಿಡಿ. ನೀವು ಹೇಳಿದ್ರೆ ನಂಬ್ತಾಳೆ. ಹೇಳ್ತೀರಾ?

ನಾನೇ ಹೇಳಬೇಕಾ?

ಆಯ್ತು. ಕೂತ್ಕೊಳ್ಳಿ, ನೀವು ಏಳಬೇಡಿ. ಬಾಗಿಲು ನಾನೇ ತೆಗೀತೀನಿ.

ರಾಜೀ... ಮಗನ್ನ ಎತ್ಕೊಂಡು ಒಳಗೆ ಬಾ. ಕುಂಬಳಕಾಯಿಂದ ಅಲ್ಲ ಕಣೇ ಇದು.